ಹದಿನಾಲ್ಕು ದಿನದ ದೊಡ್ಡಿ

"ಯಾರನ್ನ ಕೇಳಿ ಸೂಜಿ ಹಾಕಿಸ್ದೆ? ಬಾಯಿ ಬಿಡು! ಯಾರನ್ನ ಕೇಳಿ?"

ಅಕ್ಕ ಹುಲ್ಲಿನ ಹೊರೆಯ ಹಗ್ಗ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಕೂಗ್ಬೇಡ. ಮೇಕೆಗಳು ಬೆದರ್ತವೆ" ಎಂದಳು.

"ಮೇಕೆ ಬೆದರ್ತವಂತೆ! ಅಲ್ಲಿ ಐದು ಹಕ್ಕಿ ಸತ್ತು ಸಾಲಾಗಿ ಮಲಗಿವೆ, ಇವಳಿಗೆ ಮೇಕೆ ಚಿಂತೆ. ಸೂಜಿಯವನೇ ಹೇಳ್ದ ನನ್ನ ಮುಂದೆ. ಭಾನುವಾರ ಮಧ್ಯಾಹ್ನ ನಿಮ್ಮಕ್ಕನೇ ಕರೆದಿದ್ದು, ಕರಿ ಮೇಕೆಗೆ ನೋವಿನ ಇಂಜೆಕ್ಷನ್ ಕೊಟ್ಟೆ ಅಂದ. ಚಹಾದಂಗಡೀಲಿ, ನಾಲ್ಕು ಜನರ ಎದುರಿಗೆ. ನನ್ನ ಮುಖ ಎಲ್ಲಿಡ್ಲಿ?"

"ಇದ್ದಲ್ಲೇ ಇಟ್ಕೋ."

"ಎಂಟು ವರ್ಷ ಆಯ್ತು ನೀನು ಈ ದೊಡ್ಡಿಗೆ ಬಂದು. ಗೋಡೆ ಮೇಲೆ ಇಷ್ಟಿಷ್ಟು ದೊಡ್ಡದಾಗಿ ಬರೆದಿದೆ. ಓದೋಕೆ ಬರಲ್ಲ ಅಂತ ನಾನೇ ನೂರು ಸಲ ಬಾಯಲ್ಲಿ ಹೇಳಿದೀನಿ. ಇಲ್ಲಿರೋ ಮೇಕೆಗೆ ಔಷಧ ಇಲ್ಲ. ಜ್ವರ ಬಂದ್ರೂ ಇಲ್ಲ, ಕಾಲು ಮುರಿದ್ರೂ ಇಲ್ಲ. ಕೊಡಲೇಬೇಕು ಅಂದ್ರೆ ಬಾಗಿಲಾಚೆ ಹಾಕಿ ಆಮೇಲೆ ಕೊಡು. ಹೇಳಿದೀನೋ ಇಲ್ವೋ?"

"ಹೇಳಿದೀಯ."

"ಮತ್ತೆ?"

"ನೀನು ಅದರ ಕೂಗು ಕೇಳಿರಲಿಲ್ಲ."

"ಕೇಳಿದ್ದೆ!"

"ಹೌದು, ಕೇಳಿದ್ದೆ. ಹೋದ ವಾರ ಶುಕ್ರವಾರ ನಾನೇ ನಿನ್ನ ಕರ್ಕೊಂಡು ಬಂದು ತೋರಿಸಿದ್ದೆ. ಆಗ ಏನಂದೆ ನೀನು? ಸೋಮವಾರ ಹೇಗೂ ಕತ್ತಿಗೆ ಹೋಗುತ್ತೆ, ಮೂರು ದಿನ ಕೂಗ್ಲಿ ಬಿಡು ಅಂದೆ. ಮೂರು ದಿನ ಅದಕ್ಕೂ ಮೂರು ದಿನಾನೇ ಅಲ್ವೇನೋ ತಮ್ಮ?"

ನನಗೆ ಮೈ ಉರಿದುಹೋಯಿತು. ಕಾಲಬಳಿ ಇದ್ದ ಬಕೆಟ್ಟನ್ನು ಒದ್ದೆ. ಅದು ಗೋಡೆಗೆ ಬಡಿದು ಉರುಳಿತು. ಮೇಕೆಗಳೆಲ್ಲ ಒಂದು ಮೂಲೆಗೆ ನುಗ್ಗಿ ಒಂದರ ಮೇಲೊಂದು ಹತ್ತಿ ನಿಂತವು. ಅಕ್ಕ ಕಪ್ಪು ಕನ್ನಡಕದ ಹಿಂದಿನಿಂದ ನನ್ನನ್ನು ನೋಡಿದಳು. ಸೋಮವಾರ ಅವಳ ಬಲಗಣ್ಣಿನ ಪೊರೆ ತೆಗೆದಿದ್ದರು. ವಾರಪೂರ್ತಿ ಮನೆಯಲ್ಲಿರು ಎಂದು ಆಸ್ಪತ್ರೆಯವರು ಹೇಳಿದ್ದರೂ ಶನಿವಾರ ಬೆಳಿಗ್ಗೆಯೇ ಎದ್ದು ಬಂದಿದ್ದಳು. ಮನೆಯಲ್ಲಿ ಕೂತು ಗೋಡೆ ನೋಡುವುದು ಅವಳಿಗೆ ಆಗದು.

ನಾವು ಸಾಕುವುದು ರಣಹದ್ದುಗಳನ್ನು. ಸಾಕುವುದು ಎಂದರೆ ಮುದ್ದಿಸುವುದಲ್ಲ. ದೊಡ್ಡ ಪಂಜರಗಳಲ್ಲಿ ಇಟ್ಟು, ಮೊಟ್ಟೆ ಇಡಿಸಿ, ಮರಿ ಮಾಡಿಸಿ, ಒಂದು ದಿನ ಬಯಲಿಗೆ ಬಿಡಬೇಕು ಎಂದು ಕಾಯುವುದು. ನಾನು ಚಿಕ್ಕವನಿದ್ದಾಗ ಸತ್ತ ದನದ ಮೇಲೆ ಇವು ನೂರಾರು ಇಳಿಯುತ್ತಿದ್ದವು, ಕಲ್ಲು ಹೊಡೆದರೂ ಏಳುತ್ತಿರಲಿಲ್ಲ. ಈಗ ಆ ಬಯಲಿನ ಮೇಲೆ ಒಂದೂ ಇಲ್ಲ. ದನಕರುಗಳಿಗೆ ಕಾಲುನೋವು ಕೆಚ್ಚಲುನೋವು ಎಂದು ಕೊಡುವ ಒಂದು ಇಂಜೆಕ್ಷನ್ ಸಾಕಾಯಿತು ಇಷ್ಟನ್ನೂ ಮುಗಿಸಲು. ಸೂಜಿ ಹಾಕಿಸಿಕೊಂಡ ದನ ಒಂದೆರಡು ದಿನದಲ್ಲಿ ಸತ್ತರೆ ಔಷಧ ಅದರ ಮಾಂಸದಲ್ಲೇ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟುಹೋಗುತ್ತದೆ. ಮೊದಲು ಕತ್ತು ಜೋಲುತ್ತದೆ, ಕೂತಲ್ಲೇ ತೂಕಡಿಸುತ್ತದೆ, ಆಮೇಲೆ ಕೊಂಬೆಯಿಂದ ಬೀಳುತ್ತದೆ.

ಅದಕ್ಕೇ ಈ ದೊಡ್ಡಿ. ಹಕ್ಕಿಗಳ ಆಹಾರಕ್ಕೆಂದು ತಂದ ಮೇಕೆಯನ್ನು ತಂದ ದಿನವೇ ಕಡಿಯುವುದಿಲ್ಲ. ಮಾರಿದವನು ಅದಕ್ಕೆ ಏನು ಚುಚ್ಚಿಸಿದ್ದಾನೋ ದೇವರೇ ಬಲ್ಲ. ಹದಿನಾಲ್ಕು ದಿನ ಇಲ್ಲಿ ಕಟ್ಟಿಹಾಕಿ, ಬರೀ ಹುಲ್ಲು ನೀರು ಕೊಟ್ಟು, ಮೈಯೊಳಗೆ ಏನಿದ್ದರೂ ಇಳಿದುಹೋಗಲಿ ಎಂದು ಕಾಯುತ್ತೇವೆ. ಪ್ರತಿ ಸೋಮವಾರ ಹೊಸ ಮೇಕೆಗಳು ಬರುತ್ತವೆ. ಒಂದು ವಾರದವಕ್ಕೆ ಕೊಂಬಿಗೆ ನೀಲಿ ಬಣ್ಣ, ಮುಂದಿನ ವಾರದವಕ್ಕೆ ಕೆಂಪು, ಅದರ ಮುಂದಿನವಕ್ಕೆ ಹಳದಿ. ಹಳದಿ ಬರುವ ದಿನ ನೀಲಿಯ ದಿನ ತುಂಬಿರುತ್ತದೆ, ನೀಲಿ ಕತ್ತಿಗೆ ಹೋಗುತ್ತದೆ. ಪುಸ್ತಕ ನನ್ನ ಹತ್ತಿರ ಇರುತ್ತದೆ, ಆದರೆ ದೊಡ್ಡಿಯಲ್ಲಿ ಪುಸ್ತಕ ನಡೆಯುವುದಿಲ್ಲ. ಕೊಂಬಿನ ಬಣ್ಣ ಏನು ಹೇಳುತ್ತದೋ ಅದೇ ಮಾತು. ಈ ನಿಯಮ ಮಾಡಿದವನು ನಾನೇ. ಓದು ಬಾರದ ಅಕ್ಕನಿಗೂ, ಓದಲು ಪುರುಸೊತ್ತಿಲ್ಲದ ಕಟುಕನಿಗೂ ತಿಳಿಯಲಿ ಎಂದು ಮಾಡಿದ್ದು.

ಹತ್ತೊಂಬತ್ತು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಮೊಣಕಾಲು ಎರಡೂ ಹೋಗಿವೆ. ಮೈಯ ವಾಸನೆ ಸೋಪಿಗೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹೆಂಡತಿ ನನ್ನ ಬಟ್ಟೆಯನ್ನು ಕೋಲಿನಿಂದ ಎತ್ತಿ ಹಿತ್ತಲಿಗೆ ಎಸೆಯುತ್ತಾಳೆ. ಅದನ್ನು ಮೂಗು ಮುಚ್ಚಿಕೊಳ್ಳದೆ ಒಗೆಯುವವಳು ಅಕ್ಕ ಒಬ್ಬಳೇ. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಗೆ ಬಂದಳು, ಹಿಂದಿನ ಸಣ್ಣ ಕೋಣೆಯಲ್ಲಿ ಇದ್ದಾಳೆ. ಆ ವರ್ಷವೇ ಇದನ್ನೆಲ್ಲ ನಡೆಸುವ ಡಾಕ್ಟರಮ್ಮನನ್ನು ಕಾಡಿ ಬೇಡಿ ದೊಡ್ಡಿಯ ಕೆಲಸ ಕೊಡಿಸಿದೆ. ಮೊದಲ ದಿನ ಅವಳು ರಬ್ಬರ್ ಬೂಟು ಹಾಕಿಕೊಂಡು ಅಂಗಳದಲ್ಲಿ ಆಚೆ ಈಚೆ ನಡೆದು ನೋಡಿದ್ದು ನೆನಪಿದೆ. ಯಾರ ಮನೆಯಲ್ಲಿ ಇದ್ದರೂ ಒಂದು ಕಡೆ ಕೂತು ಉಣ್ಣುವುದು ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗೆ. ದೊಡ್ಡಿ ಅವಳದು ಎಂದಾದ ಮೇಲೆ ಅವಳ ನಡಿಗೆಯೇ ಬೇರೆಯಾಯಿತು. ಈ ಕೆಲಸ ಹೋದರೆ ಅವಳಿಗೆ ನನ್ನ ಹೆಂಡತಿಯ ಅಡುಗೆಮನೆಯ ಮೂಲೆ ಬಿಟ್ಟರೆ ಇನ್ನೇನೂ ಇಲ್ಲ. ಇದು ನನಗೂ ಗೊತ್ತು, ಅವಳಿಗೂ ಗೊತ್ತು.

ಆದರೂ ಅಂದು ನನ್ನ ಬಾಯಿ ನಿಲ್ಲಲಿಲ್ಲ.

"ಮೇಷ್ಟ್ರು ಹೋದ" ಎಂದೆ. "ಗೊತ್ತಾ? ಗುರುವಾರ ಮೊದಲು ಹೋಗಿದ್ದೇ ಅವನು."

ಮೇಷ್ಟ್ರು ಎಂದರೆ ಒಂದು ಗಂಡು ಹದ್ದು. ಬೋಳುತಲೆ, ರೆಕ್ಕೆ ಹಿಂದೆ ಕಟ್ಟಿಕೊಂಡು ಪಂಜರದ ಉದ್ದಕ್ಕೂ ನಡೆಯುತ್ತಿತ್ತು, ಕಚ್ಚುವ ಮೊದಲು ಒಂದು ಸಲ ಗುರಾಯಿಸುತ್ತಿತ್ತು. ಹೆಸರಿಟ್ಟವಳು ಅಕ್ಕ.

ಅಕ್ಕನ ಕೈ ನಿಂತಿತು. "ಇನ್ಯಾರು?"

"ಮುದುಕಿ. ನಿನ್ನೆ ಬೆಳಿಗ್ಗೆ. ಹೋದ ವರ್ಷ ಆ ಪಂಜರದಲ್ಲಿ ಉಳಿದಿದ್ದು ಒಂದೇ ಒಂದು ಮರಿ, ಅದು ಅವಳದು. ವರ್ಷಕ್ಕೆ ಒಂದು ಮೊಟ್ಟೆ ಇಡೋ ಹಕ್ಕಿ. ಒಂದು! ಕೋಳಿ ಅಲ್ಲ. ಇನ್ನು ಮೂವತ್ತು ಮೇಕೆ ತಂದು ಹಾಕಿದ್ರೂ ಬರಲ್ಲ ಅದು. ನೀನು ಒಂದು ಮೇಕೆ ಮೇಲೆ ಕನಿಕರ ತೋರಿಸ್ದೆ, ಐದು ಹಕ್ಕಿನ ಕೈಯಾರೆ ಕೊಂದೆ."

ಅವಳು ಹಗ್ಗವನ್ನು ಸುತ್ತಿ ಮೊಳೆಗೆ ನೇತುಹಾಕಿದಳು. ನಿಧಾನವಾಗಿ, ಅದೇ ಆ ಹೊತ್ತಿನ ದೊಡ್ಡ ಕೆಲಸ ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿದಳು.

"ಸೂಜಿ ಹಾಕಿಸಿದ್ದು ತಪ್ಪು. ಒಪ್ಕೋತೀನಿ. ಆದ್ರೆ ನಾನೇನು ಹುಚ್ಚಿ ಅಲ್ಲ. ಅದಕ್ಕೆ ಹಳದಿ ಬಳಿದಿದ್ದೆ."

"ಏನು?"

"ಹಳದಿ ಬಳಿದೆ ಕಣೋ. ಭಾನುವಾರಾನೇ. ಸೂಜಿಯವನು ಆ ಕಡೆ ಹೋದ, ಈ ಕಡೆ ನಾನು ಡಬ್ಬಿ ತೆಗೆದೆ. ನೀಲಿ ಮೇಲೆ ಹಳದಿ ಬಳಿದೆ, ಎರಡು ಕೊಂಬಿಗೂ. ಮಾರನೇ ದಿನ ಹಳದಿಯವು ಬರೋದಿತ್ತಲ್ಲ. ಅವುಗಳ ಜೊತೆ ಇದೂ ಇನ್ನೂ ಹದಿನಾಲ್ಕು ದಿನ ಇರ್ಲಿ, ಔಷಧ ಇಳಿದು ಹೋಗ್ಲಿ ಅಂತ. ಬೆಳಿಗ್ಗೆ ಬಂದ ತಕ್ಷಣ ಅದನ್ನೇ ಹುಡುಕಿದೆ. ಇಲ್ಲ. ಹಳದಿ ಕೊಂಬಿನ ಮೇಕೆ ಕತ್ತಿಗೆ ಹೇಗೆ ಹೋಯ್ತು?"

ನಾನು ಉರುಳಿದ್ದ ಬಕೆಟ್ಟನ್ನು ಎತ್ತಿ ನಿಲ್ಲಿಸಿದೆ.

"ಹೇಳು" ಎಂದಳು. "ಇಷ್ಟೊತ್ತು ಕೂಗ್ತಿದ್ಯಲ್ಲ."

"ಹನ್ನೊಂದಕ್ಕೆ ಡಾಕ್ಟರಮ್ಮ ಕರೆದಿದಾರೆ. ಅಲ್ಲಿ ಹೇಳ್ಕೋ" ಎಂದು ಹೊರಗೆ ಬಂದೆ.

ಹೇಗೆ ಹೋಯಿತು ಎಂದು ನನಗೆ ಗೊತ್ತಿತ್ತು.

ಸೋಮವಾರ ಅಕ್ಕ ಕಣ್ಣಿನ ಆಸ್ಪತ್ರೆಯಲ್ಲಿದ್ದಳು. ಹೊಸ ಮೇಕೆಗಳ ಲಾರಿ ತಡವಾಗಿ ಬಂತು. ಹತ್ತು ಮೇಕೆ. ಕಟುಕ ಹಿಡಿದುಕೊಟ್ಟ, ನಾನು ಹಳದಿ ಬಳಿದೆ. ಆಮೇಲೆ ಕಳಿಸಬೇಕಾದ ನೀಲಿಗಳನ್ನು ಎಣಿಸಿದರೆ ಏಳೇ ಇವೆ. ಪುಸ್ತಕದಲ್ಲಿ ಎಂಟು. ಹುಡುಕಿದರೆ ಕರಿ ಮೇಕೆಯ ಕೊಂಬು ಹಳದಿಯಾಗಿದೆ. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಬಲಗಣ್ಣು ಮಂಜಾಗಿ ಎರಡು ತಿಂಗಳಾಗಿತ್ತು, ಚಹಾ ಲೋಟ ಎಂದು ಉಪ್ಪಿನ ಡಬ್ಬಿಗೆ ಕೈಹಾಕುತ್ತಿದ್ದಳು. ಭಾನುವಾರ ಯಾವುದೋ ಮೇಕೆಯ ನೀಲಿ ಮಾಸಿದೆ ಎಂದು ಮತ್ತೆ ಬಳಿಯಲು ಹೋಗಿ ಹಳದಿ ಡಬ್ಬಿಗೆ ಬ್ರಷ್ ಅದ್ದಿದ್ದಾಳೆ ಎಂದುಕೊಂಡೆ. ಸೀಮೆಎಣ್ಣೆ ಬಟ್ಟೆ ತೆಗೆದುಕೊಂಡು ಉಜ್ಜಿದೆ. ಆಗತಾನೇ ಬಳಿದ ಬಣ್ಣವಾದರೆ ಒಂದೇ ಸಲಕ್ಕೆ ಬಂದುಬಿಡುತ್ತದೆ. ಇದು ಬರಲಿಲ್ಲ. ಒಣಗಿ ಗಟ್ಟಿಯಾಗಿತ್ತು. ಕೈ ನೋಯುವಷ್ಟು ಉಜ್ಜಬೇಕಾಯಿತು. ಎರಡು ಕೊಂಬಿಗೂ ತುದಿಯಿಂದ ಬುಡದವರೆಗೆ, ಸುತ್ತಲೂ ಒಂದೇ ಸಮನಾಗಿ ಬಳಿದಿತ್ತು. ಕಣ್ಣು ಕಾಣದವರ ಕೈಯ ಕೆಲಸ ಹಾಗಿರುವುದಿಲ್ಲ. ಅದು ಆಗಲೇ ನನಗೆ ಕಂಡಿತ್ತು. ಹಳದಿ ಹೋದ ಮೇಲೆ ಕೆಳಗೆ ನೀಲಿ ಬಂತು. ನೋಡು, ನಾನು ಹೇಳಲಿಲ್ಲವೇ, ಎಂದು ನನಗೆ ನಾನೇ ಶಭಾಷ್ ಹೇಳಿಕೊಂಡೆ. ಕುಂಟುತ್ತಿದ್ದ ಮೇಕೆ ನೆಟ್ಟಗೆ ನಡೆಯುತ್ತಿದೆ ಎಂಬುದನ್ನೂ ನೋಡಿದೆ. ತಾನಾಗಿಯೇ ವಾಸಿಯಾಯಿತಲ್ಲ, ಮೂರು ದಿನ ತಡೆಯದೆ ನನ್ನ ತಲೆ ತಿಂದಳಲ್ಲ ಎಂದುಕೊಂಡೆ.

ಒಂದು ದಿನ ತಡೆದು ಅಕ್ಕನನ್ನು ಕೇಳಬಹುದಿತ್ತು. ಏಳನ್ನೇ ಕಳಿಸಬಹುದಿತ್ತು. ದೊಡ್ಡಿಯಲ್ಲಿ ಬಣ್ಣದ ಮಾತೇ ಮಾತು ಎಂದು ಊರಿಗೆಲ್ಲ ಹೇಳುವವನು ನಾನು. ಪುಸ್ತಕ ನೋಡಿ ಬಣ್ಣ ಅಳಿಸಿದವನೂ ನಾನೇ.

ನಲ್ಲಿಯ ಹತ್ತಿರ ಕಟುಕ ಕತ್ತಿಗಳನ್ನು ತೊಳೆಯುತ್ತಿದ್ದ. ದಪ್ಪ ಮನುಷ್ಯ, ಮಾತು ಕಡಿಮೆ. ಹಕ್ಕಿ ಸತ್ತಾಗಿನಿಂದ ಮೂರು ದಿನ ಅವನಿಗೂ ಕೆಲಸವಿರಲಿಲ್ಲ, ಆದರೂ ದಿನಾ ಬಂದು ಕತ್ತಿ ತೊಳೆಯುತ್ತಿದ್ದ.

"ಸೋಮವಾರ ನಾನು ಆ ಕರಿ ಮೇಕೆ ಕೊಂಬು ಉಜ್ಜಿದ್ನಲ್ಲ" ಎಂದೆ.

"ಹೂಂ."

"ನೀನು ನೋಡ್ದೆ ಅಲ್ವಾ?"

"ನಾನೇ ಅದರ ಕತ್ತು ಹಿಡ್ಕೊಂಡಿದ್ದೆ."

"ಯಾಕೆ ಏನೂ ಅನ್ನಲಿಲ್ಲ ಮಾರಾಯ?"

ಅವನು ಕತ್ತಿಯ ಅಲಗನ್ನು ಬೆಳಕಿಗೆ ಹಿಡಿದು ನೋಡಿದ. "ನಿಮಗೆ ಏನಾದ್ರೂ ಅನ್ನೋಕಾಗುತ್ತಾ ಸಾರ್? ಬಾಯಿ ತೆಗೆದ್ರೆ ಮೈಮೇಲೆ ಬರ್ತೀರ. ನಾನು ಕಡಿಯೋನು. ಮಾತಾಡೋಕೆ ನನ್ನನ್ನ ಇಟ್ಕೊಂಡಿಲ್ಲ."

ಬೇರೆ ದಿನವಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆನೇನೋ. ಅಂದು ಕೈ ಎತ್ತುವ ಶಕ್ತಿಯೂ ಇರಲಿಲ್ಲ. ಬುಧವಾರದಿಂದ ಮನೆಗೆ ಹೋಗಿರಲಿಲ್ಲ. ಬೀಳುವ ಹಕ್ಕಿಗಳಿಗೆ ಡಾಕ್ಟರಮ್ಮ ನೀರು ಏರಿಸುವಾಗ ರೆಕ್ಕೆ ಹಿಡಿದು ಕೂರುವುದು, ಸತ್ತವನ್ನು ಎತ್ತುವುದು, ಅವುಗಳ ಹೊಟ್ಟೆ ಬಗೆಯುವಾಗ ದೀಪ ಹಿಡಿಯುವುದು, ಇಷ್ಟೇ ಆಗಿತ್ತು. ನಲ್ಲಿಯ ನೀರನ್ನು ತಲೆಗೆ ಹಾಕಿಕೊಂಡೆ. ತಣ್ಣಗಾಯಿತು, ಅಷ್ಟೇ.

ಹನ್ನೊಂದಕ್ಕೆ ತೂಕದ ಕೋಣೆಯಲ್ಲಿ ಸೇರಿದೆವು. ಹಕ್ಕಿಗಳನ್ನು ತೂಗುವ ಕೋಣೆ ಅದು, ಮಧ್ಯದಲ್ಲಿ ಸ್ಟೀಲಿನ ಮೇಜು. ಐದನೆಯ ಹಕ್ಕಿ ಇನ್ನೂ ಮೇಜಿನ ಮೇಲೇ ಇತ್ತು. ಡಾಕ್ಟರಮ್ಮ ಅದರ ಎದೆ ತೆರೆದು ಬಟ್ಟೆ ಮುಚ್ಚಿದ್ದಳು. ನನ್ನ ಮಗಳ ವಯಸ್ಸಿನ ಹೆಣ್ಣು. ಕಣ್ಣಿನ ಕೆಳಗೆ ಕಪ್ಪು, ಕೂದಲಿಗೆ ಬಾಚಣಿಗೆ ತಾಗಿ ಎಷ್ಟು ದಿನವಾಗಿತ್ತೋ. ಕುರ್ಚಿಯಲ್ಲಿ ಕೂತರೆ ನಿದ್ದೆ ಬರುತ್ತದೆ ಎಂದು ಗೋಡೆಗೆ ಒರಗಿ ನಿಂತಿದ್ದಳು. ಅಕ್ಕ ಬಾಗಿಲ ಪಕ್ಕದ ಸ್ಟೂಲಿನಲ್ಲಿ, ಕಟುಕ ಕಿಟಕಿಯ ಹತ್ತಿರ. ನಾನು ಮೇಜಿನ ಈ ಕಡೆ.

ಡಾಕ್ಟರಮ್ಮ ಬಟ್ಟೆ ಸರಿಸಿದಳು. ಕರುಳು, ಯಕೃತ್ತು, ಹೃದಯ, ಎಲ್ಲದರ ಮೇಲೂ ಸುಣ್ಣ ಬಳಿದ ಹಾಗೆ ಬಿಳಿ.

"ಐದರಲ್ಲೂ ಇದೇ" ಎಂದಳು. "ಇದಕ್ಕೆ ಲ್ಯಾಬಿನಿಂದ ಕಾಗದ ಬರೋದು ಬೇಕಿಲ್ಲ. ನೋವಿನ ಇಂಜೆಕ್ಷನ್ನೇ. ಯಾವ ಮೇಕೆ, ಹೇಗೆ ಬಂತು ಅಂತ ಗೊತ್ತಾಗ್ಬೇಕು ನನಗೆ. ಬೈಯೋಕಲ್ಲ. ಇನ್ನೂ ಇಪ್ಪತ್ತೇಳು ಉಳಿದಿವೆ. ದೊಡ್ಡೀಲಿರೋ ಬೇರೆ ಮೇಕೆಗಳನ್ನ ಹಾಕ್ಬಹುದಾ ಬೇಡ್ವಾ ಅಂತ ಇವತ್ತೇ ತೀರ್ಮಾನ ಮಾಡ್ಬೇಕು. ಬುಧವಾರದಿಂದ ಹಕ್ಕಿಗಳು ಹಸಿದು ಕೂತಿವೆ."

"ನಾನು ಹಾಕಿಸಿದ್ದು ಡಾಕ್ಟರಮ್ಮ" ಎಂದಳು ಅಕ್ಕ. ಯಾರೂ ಕೇಳುವ ಮೊದಲೇ. "ಕರಿ ಮೇಕೆ, ಒಂದೇ. ಭಾನುವಾರ. ಹಿಂಗಾಲು ಊದಿಕೊಂಡಿತ್ತು, ಮಲಗೋಕೂ ಆಗ್ತಿರಲಿಲ್ಲ, ನಿಲ್ಲೋಕೂ ಆಗ್ತಿರಲಿಲ್ಲ. ಬೇರೆ ಯಾವುದಕ್ಕೂ ಹಾಕಿಸಿಲ್ಲ."

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದಳು. "ಯಾಕಮ್ಮಾ? ನಿಮಗೆ ಗೊತ್ತಿತ್ತಲ್ಲ."

"ಗೊತ್ತಿತ್ತು. ಅದಕ್ಕೇ ಹಳದಿ ಬಳಿದೆ. ಇನ್ನೂ ಹದಿನಾಲ್ಕು ದಿನ ಇರ್ಲಿ ಅಂತ."

"ಹಳದಿ ಬಳಿದ್ರಾ?" ಡಾಕ್ಟರಮ್ಮ ನೆಟ್ಟಗೆ ನಿಂತಳು. "ಮತ್ತೆ ಸೋಮವಾರಾನೇ ಹೇಗೆ ಕಡಿದ್ರು?"

ಅಕ್ಕ ನನ್ನ ಕಡೆ ನೋಡಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ನನಗೆ ಹೇಳಲು ಜಾಗ ಬಿಟ್ಟುಕೊಟ್ಟಿದ್ದಳು, ಅದು ಈಗ ಗೊತ್ತಾಗುತ್ತದೆ.

"ಸೋಮವಾರ ಯಾರಿದ್ರು ದೊಡ್ಡೀಲಿ?"

"ನಾನಿದ್ದೆ" ಎಂದೆ.

"ನೀವು ನೋಡಿದ್ರಾ, ಹಳದಿ ಇತ್ತಾ ಅದರ ಕೊಂಬಿಗೆ?"

"ಪುಸ್ತಕದಲ್ಲಿ ಎಂಟು ನೀಲಿ ಇದ್ವು. ಎಂಟು ಹೋದ್ವು."

"ಪುಸ್ತಕ ಕೇಳಲಿಲ್ಲ ನಾನು. ಕೊಂಬು."

ಕಿಟಕಿಯ ಹತ್ತಿರ ಕಟುಕ ಕೆಮ್ಮಿದ. ನಾನು ಮೇಜಿನ ಮೇಲಿನ ಹಕ್ಕಿಯ ಕಾಲನ್ನು ನೋಡುತ್ತಿದ್ದೆ. ಕಾಲಿಗೆ ಹಾಕಿದ ಉಂಗುರದಲ್ಲಿ ಅದರ ನಂಬರು. ಅದನ್ನು ಹಾಕುವಾಗ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಡಿದವನು ನಾನು. ಹತ್ತೊಂಬತ್ತು ವರ್ಷದಲ್ಲಿ ನನ್ನ ಕಡೆಯಿಂದ ಒಂದು ತಪ್ಪೂ ಆಗಿಲ್ಲ ಎಂದು ಎಷ್ಟು ಜನರ ಮುಂದೆ ಎಷ್ಟು ಸಲ ಹೇಳಿದ್ದೆನೋ.

"ನೋಡಿ" ಎಂದಳು ಡಾಕ್ಟರಮ್ಮ, "ನಾನು ಮೂರನೇ ಸಲ ಕೇಳ್ತಿದೀನಿ. ಬಣ್ಣ ಏನಿತ್ತು?"

"ಅಕ್ಕನ ಕಣ್ಣು ಸರಿಯಿರಲಿಲ್ಲ" ಎಂದೆ. "ಪೊರೆ ಬಂದು ಏನೂ ಕಾಣ್ತಿರಲಿಲ್ಲ ಅವಳಿಗೆ. ಹಳದಿ ಅಂದ್ಕೊಂಡು ನೀಲಿನೇ ಬಳಿದಿರ್ಬೇಕು."

ಹೊರಗೆ ಪಂಜರದಲ್ಲಿ ಯಾವುದೋ ಹದ್ದು ರೆಕ್ಕೆ ಬಡಿದು ಕೂತಿತು.

ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದಳು. ದನಿ ಮೆತ್ತಗಾಗಿತ್ತು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಅಮ್ಮಾ, ಹಾಗಾಗಿರಬಹುದಾ? ಡಬ್ಬಿ ತಪ್ಪಿರಬಹುದಾ? ಕಣ್ಣು ಅಷ್ಟು ಕಾಣ್ತಿರಲಿಲ್ಲ ಅಂದ್ರೆ ನಿಮ್ಮನ್ನ ಆ ಕೆಲಸದಲ್ಲಿ ಇಟ್ಟಿದ್ದೇ ತಪ್ಪು ನಮ್ಮದು."

ಅಕ್ಕ ಕಪ್ಪು ಕನ್ನಡಕವನ್ನು ಸರಿಮಾಡಿಕೊಂಡಳು.

"ಆಗಿರಬಹುದು" ಎಂದಳು. "ಇವನು ನೋಡಿದವನು ಹೇಳ್ತಿದ್ದಾನಲ್ಲ. ಹಾಗೇ ಬರ್ಕೊಳ್ಳಿ."

ಅವಳು ಕೂಗಿದ್ದರೆ ನಾನು ಕೂಗುತ್ತಿದ್ದೆ. ಸುಳ್ಳ ಎಂದಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ, ಅಷ್ಟು ಕೆಟ್ಟ ಬಾಯಿ ನನ್ನದು. ಹಾಗೇ ಬರ್ಕೊಳ್ಳಿ ಎಂದಾಗ ನನ್ನೊಳಗೆ ಏನೋ ಕಿತ್ತುಬಂದ ಹಾಗಾಯಿತು. ಡಾಕ್ಟರಮ್ಮ ಪೆನ್ನು ತೆಗೆದಳು.

"ಬರೀಬೇಡಿ!" ಎಂದು ಅರಚಿದೆ. ಮೇಜಿಗೆ ಗುದ್ದಿದೆ. ತೂಕದ ಬಟ್ಟಲು ಕೆಳಗೆ ಬಿತ್ತು. "ಬರೀಬೇಡಿ ಅಂದ್ನಲ್ಲ! ಹಳದಿನೇ ಇತ್ತು. ನಾನೇ ಉಜ್ಜಿ ತೆಗೆದೆ. ಸೀಮೆಎಣ್ಣೆ ಹಾಕಿ ಉಜ್ಜಿದೆ. ಒಣಗಿತ್ತು ಅದು, ಭಾನುವಾರದ್ದು ಅಂತ ಆಗ್ಲೇ ಗೊತ್ತಾಯ್ತು ನನಗೆ. ಎಂಟು ಆಗ್ಬೇಕಿತ್ತು, ಎಂಟು ಮಾಡಿ ಕಳಿಸ್ದೆ. ಅವನನ್ನ ಕೇಳಿ, ಅವನೇ ಕತ್ತು ಹಿಡ್ಕೊಂಡಿದ್ದ!"

ಕಟುಕ ತಲೆ ಆಡಿಸಿದ. "ಹಳದಿ ಚೆನ್ನಾಗಿ ಬಳಿದಿದ್ರು ಅಮ್ಮ" ಎಂದ. "ಬುಡದವರೆಗೂ."

ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲಿಟ್ಟಳು. ನನ್ನನ್ನು ಬಹಳ ಹೊತ್ತು ನೋಡಿದಳು. ಸಿಟ್ಟು ಬರಲಿ ಎಂದು ಕಾಯುತ್ತಿದ್ದೆ. ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕು.

"ಆಯ್ತು" ಎಂದಳು. "ಇಬ್ಬರೂ ನಡೆದದ್ದನ್ನ ಬರೆದು ಕೊಡಿ. ಮೇಲಿನವರಿಗೆ ನಾನು ಹೇಳ್ತೀನಿ. ಯಾರನ್ನೂ ಕೆಲಸದಿಂದ ಕಳಿಸೋಕಾಗಲ್ಲ ನನಗೆ. ಕಳಿಸಿದ್ರೆ ನಾಳೆ ಇಲ್ಲಿಗೆ ಯಾರು ಬರ್ತಾರೆ? ಹೋದ ವರ್ಷ ಬಂದ ಮೂರು ಜನರಲ್ಲಿ ಒಬ್ಬ ವಾಸನೆಗೆ ಮಧ್ಯಾಹ್ನಾನೇ ಓಡಿಹೋದ, ಇನ್ನಿಬ್ಬರು ವಾರ ನಿಲ್ಲಲಿಲ್ಲ. ಅಮ್ಮಾ, ನೀವು ಸೋಮವಾರ ಬನ್ನಿ. ಕಣ್ಣಿಗೆ ಧೂಳು ತಾಗಿಸ್ಕೋಬೇಡಿ. ಮೇಕೆಗೆ ಏನಾದ್ರೂ ಆದ್ರೆ ಇವರಿಗಲ್ಲ, ನೇರವಾಗಿ ನನಗೆ ಹೇಳಿ."

ಅಷ್ಟೇ. ಐದು ಹಕ್ಕಿ ಸತ್ತದ್ದಕ್ಕೆ ಇಷ್ಟೇ ಮಾತು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಕ್ಕನ ಕೆಲಸ ಉಳಿಯಿತಲ್ಲ, ಸಂಜೆ ಮನೆಗೆ ಹೋದರೆ ಎರಡು ದಿನ ಮುಖ ತಿರುಗಿಸುತ್ತಾಳೆ, ಮೂರನೆಯ ದಿನ ತಾನೇ ಊಟಕ್ಕೆ ಕರೆಯುತ್ತಾಳೆ ಎಂದು ಅಲ್ಲೇ ನಿಂತು ಲೆಕ್ಕ ಹಾಕಿಬಿಟ್ಟೆ.

ಅಕ್ಕ ಸ್ಟೂಲಿನಿಂದ ಎದ್ದಳು.

"ನಾನು ಸೂಜಿ ಹಾಕಿಸಿದ್ದನ್ನ ಬರ್ಕೊಳ್ಳಿ ಡಾಕ್ಟರಮ್ಮ. ಅದು ನನ್ನದು. ಹೆಬ್ಬೆಟ್ಟು ಎಲ್ಲಿ ಒತ್ಬೇಕು ಹೇಳಿ, ಒತ್ತಿ ಹೋಗ್ತೀನಿ. ಸೋಮವಾರ ನಾನು ಬರಲ್ಲ."

"ಯಾಕಮ್ಮಾ?"

"ಸಾಕು."

"ಏನು ಸಾಕು?" ಎಂದೆ ನಾನು. "ಹೇಳಿದ್ನಲ್ಲ ನಾನೇ ಅಂತ! ಇನ್ನೇನು ಮಾಡ್ಬೇಕು, ಕಾಲಿಗೆ ಬೀಳ್ಬೇಕಾ?"

ಅವಳು ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಖಾಲಿ ಕಾಗದದ ಕೆಳಗೆ ಒತ್ತಿದಳು. ಮೇಲೆ ಏನು ಬೇಕಾದರೂ ಬರೆದುಕೊಳ್ಳಿ ಎಂಬಂತೆ. ಆಮೇಲೆ ನನ್ನ ಎದುರಿಗೆ ಬಂದು ನಿಂತಳು.

"ಕೊಂದೆ ಅಂದ್ಯಲ್ಲ ಬೆಳಿಗ್ಗೆ, ಅದನ್ನ ನುಂಗ್ಕೊಂಡೆ. ನಾನು ಕೊಂದಿದ್ದೂ ನಿಜಾನೇ ಅರ್ಧ. ಚಿಕ್ಕಂದಿನಿಂದ ನಿನ್ನ ಬಾಯಿ ನೋಡಿದೀನಿ, ಬೈದ್ರೆ ಬೈಸ್ಕೊಳ್ಳೋದು ಅಭ್ಯಾಸ ಆಗಿದೆ. ಆದ್ರೆ ಆಗ ನೀನು ಬೈಯಲಿಲ್ಲ ಕಣೋ. ತಣ್ಣಗೆ ನಿಂತು, ಅಳೆದು ತೂಗಿ, ನನ್ನ ಕಣ್ಣಿನ ಮೇಲೆ ಹಾಕ್ದೆ. ಅವರು ಕೇಳಿದ್ದು ಮೂರು ಸಲ."

"ಕೊನೆಗೆ ಹೇಳಿದ್ನಲ್ಲ ಅಕ್ಕ."

"ನಾನು ಒಪ್ಕೊಂಡ ಮೇಲೆ ಹೇಳ್ದೆ."

ಅವಳು ಏಪ್ರನ್ನನ್ನು ಬಿಚ್ಚಿ ಮಡಚಿ ಸ್ಟೂಲಿನ ಮೇಲಿಟ್ಟಳು. ಬೂಟು ಕಳಚಿ, ಜೋಡಿಸಿ ಗೋಡೆಯ ಪಕ್ಕ ಇಟ್ಟಳು. ಚಪ್ಪಲಿ ದೊಡ್ಡಿಯಲ್ಲಿತ್ತು. ಅದನ್ನು ತರಲೂ ಹೋಗಲಿಲ್ಲ, ಬರಿಗಾಲಲ್ಲೇ ಹೊರಟಳು. ಡಾಕ್ಟರಮ್ಮ "ಅಮ್ಮಾ, ಒಂದ್ನಿಮಿಷ" ಎಂದಳು. ಕಟುಕ ದಾರಿ ಬಿಟ್ಟು ಸರಿದ.

ನಾನು ಬಾಗಿಲವರೆಗೆ ಓಡಿದೆ. ಕರೆಯಬೇಕಿತ್ತು. ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು. ಬಾಯಿಂದ ಬಂದದ್ದು ಇದು:

"ಹೀಗೆ ಎದ್ದು ಹೋದ್ರೆ ಮೇಕೆಗಳಿಗೆ ನೀರು ಯಾರು ಇಡ್ತಾರೆ? ನಿಮ್ಮಪ್ಪನಾ?"

ಅವಳ ಅಪ್ಪ ನನ್ನ ಅಪ್ಪನೇ ಎಂಬುದು ಹೇಳಿದ ಮೇಲೆ ನೆನಪಾಯಿತು. ಹಿಂದಿನಿಂದ ಕಟುಕ ಮೂಗಿನಲ್ಲಿ ನಕ್ಕ.

ಅಕ್ಕ ತಿರುಗಲಿಲ್ಲ. ಪಂಜರಗಳ ಪಕ್ಕದ ಜಲ್ಲಿಯ ದಾರಿಯಲ್ಲಿ ಅಂಗಾಲು ಚುಚ್ಚದಂತೆ ನೋಡಿ ನೋಡಿ ಹೆಜ್ಜೆ ಇಡುತ್ತಾ ಹೋದಳು. ದೊಡ್ಡ ಪಂಜರದ ಮುಂದೆ ಒಂದು ಕ್ಷಣ ನಿಂತಳು. ಆರು ಹಕ್ಕಿಗಳು ಮೇಲಿನ ಕೊಂಬೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದವು. ಸೋಮವಾರ ಹನ್ನೊಂದು ಇದ್ದವು. ಆಮೇಲೆ ಗೇಟಿನ ಸಣ್ಣ ಬಾಗಿಲನ್ನು ತೆಗೆದು, ಹೊರಗೆ ಹೋಗಿ, ಹಿಂದೆ ಎಳೆದುಕೊಂಡಳು.

ಬಸ್ಸು ಬರುವುದು ಒಂದು ಗಂಟೆಗೆ. ಅಲ್ಲಿಯವರೆಗೆ ನಿಲ್ದಾಣದಲ್ಲಿ ಕೂತು ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎಂದುಕೊಂಡೆ. ದೊಡ್ಡಿಗೆ ಹೋಗಿ ಮೇಕೆಗಳಿಗೆ ನೀರು ಇಟ್ಟೆ, ಹುಲ್ಲು ಹಾಕಿದೆ. ಬಸ್ಸಿನ ಸದ್ದು ಬಂತು, ಹೋಯಿತು. ಸಂಜೆ ಮನೆಗೆ ಬಂದರೆ ಹಿಂದಿನ ಕೋಣೆ ಗುಡಿಸಿಟ್ಟಿತ್ತು, ಅವಳ ಪೆಟ್ಟಿಗೆ ಇರಲಿಲ್ಲ. ಎಲ್ಲಿಗೆ ಎಂದು ಹೆಂಡತಿ ಕೇಳಿದ್ದಕ್ಕೆ ಕೆಲಸ ಹುಡುಕಲು ಎಂದಷ್ಟೇ ಹೇಳಿದಳಂತೆ.

ಅಕ್ಕ ಮತ್ತೆ ದೊಡ್ಡಿಗೂ ಬರಲಿಲ್ಲ, ಮನೆಗೂ ಬರಲಿಲ್ಲ.